ಎರಡು ವಾರದ ಕೆಮ್ಮು

(ಮಹಿಳಾ ವೇದಿಕೆಯ ಮಾರ್ಚ್ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮಾರ್ಚ್ ತಿಂಗಳು ಬಂತೆಂದರೆ 8ನೇ ತಾರೀಖಿನ ಮಹಿಳಾ ದಿನ ಎಲ್ಲರಿಗೂ ನೆನಪಾಗುತ್ತದೆ. ಅದೇ ತಿಂಗಳ 24 ವಿಶ್ವ ಕ್ಷಯರೋಗ ದಿನ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಎಂಬ ವೈದ್ಯರು ಬರ್ಲಿನ್ನಿನಲ್ಲಿ, ಕ್ಷಯಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ತೋರಿಸಿಕೊಟ್ಟರು. ಅಲ್ಲಿಯವರೆಗೆ ಜನ ಅದನ್ನು ವಂಶದ ದೋಷ ಎಂದೋ, ಹಣೆಬರಹ ಎಂದೋ ನಂಬಿದ್ದರು. ಅಂದಿನಿಂದ 140 ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ನಂಬಿಕೆ ಎಷ್ಟು ಬದಲಾಗಿದೆ ಎನ್ನುವುದನ್ನು ನನ್ನ ಮನೆಯ ಕಥೆಯಿಂದಲೇ ಹೇಳುತ್ತೇನೆ.

ನಾನು ವೈದ್ಯೆಯಲ್ಲ. ಎಂ.ಟೆಕ್. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಹಾಗಿದ್ದೂ ಈ ವಿಷಯ ನಾನೇ ಮಾತನಾಡುತ್ತೇನೆ ಎಂದು ಕೇಳಿಕೊಂಡೆ. 2022ರಲ್ಲಿ ನನಗೆ ಕ್ಷಯ ಬಂದಿತ್ತು. ನಿಮ್ಮಲ್ಲಿ ಯಾರಿಗೂ ಇದು ಗೊತ್ತಿಲ್ಲ. ಆ ವರ್ಷದ ರಾಜ್ಯೋತ್ಸವಕ್ಕೆ ಕೋಲಾಟದ ತಂಡದಲ್ಲಿ ನನ್ನ ಹೆಸರು ಸೇರಿಸಿದ್ದಿರಿ. ಎರಡು ದಿನ ಅಭ್ಯಾಸಕ್ಕೆ ಬಂದು ಆಮೇಲೆ ಫೋನ್ ಕೂಡ ಎತ್ತಲಿಲ್ಲ. "ಆಫೀಸಿನಲ್ಲಿ ರಿಲೀಸ್ ಇದೆ" ಎಂದು ಮೆಸೇಜ್ ಹಾಕಿದ್ದೆ. ಅದು ಸುಳ್ಳು. ಆ ಸುಳ್ಳಿಗೆ ಕ್ಷಮೆ ಕೇಳಿ ಮಾತು ಮುಂದುವರಿಸುತ್ತೇನೆ.

ಕುತ್ತಿಗೆಯ ಗಂಟು

ಆಗಸ್ಟ್ ತಿಂಗಳು. ತಲೆ ಬಾಚಿಕೊಳ್ಳುವಾಗ ಬಲಗಡೆ ಕುತ್ತಿಗೆಯಲ್ಲಿ ಬಟಾಣಿ ಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಒಂದು ಕ್ಲಿನಿಕ್ಕಿನಲ್ಲಿ ಐದು ದಿನದ ಆ್ಯಂಟಿಬಯಾಟಿಕ್ ಕೊಟ್ಟರು. ಹೋಗಲಿಲ್ಲ. ಮತ್ತೊಂದು ಕಡೆ ಬೇರೆ ಆ್ಯಂಟಿಬಯಾಟಿಕ್ ಕೊಟ್ಟರು. ಗಂಟು ಎರಡಾಯಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ನನ್ನ ತೂಕ 52 ಕೆ.ಜಿ.ಯಿಂದ 47ಕ್ಕೆ ಇಳಿಯಿತು. ಆಫೀಸಿನ ಗೆಳತಿಯರು "ಏನು ಡಯಟ್ ಮಾಡ್ತಿದ್ದೀಯ?" ಎಂದು ಕೇಳಿದರೆ ಒಳಗೊಳಗೇ ಖುಷಿಪಟ್ಟವಳು ನಾನು.

ಎರಡು ತಿಂಗಳು ಹೀಗೆ ಕಳೆದ ಮೇಲೆ ಒಬ್ಬ ವೈದ್ಯರು ಸೂಜಿಯಿಂದ ಗಂಟಿನೊಳಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಷಯ ಎಂದು ವರದಿ ಬಂತು. ಎದೆಯ ಎಕ್ಸ್‌ರೇ ಚೆನ್ನಾಗಿತ್ತು, ನನಗೆ ಕೆಮ್ಮೂ ಇರಲಿಲ್ಲ. "ಇದು ದುಗ್ಧಗ್ರಂಥಿಯ ಕ್ಷಯ. ಆರು ತಿಂಗಳು ಮಾತ್ರೆ ತಗೊಂಡರೆ ವಾಸಿಯಾಗುತ್ತೆ. ನಿಮ್ಮಿಂದ ಯಾರಿಗೂ ಹರಡೋದಿಲ್ಲ" ಎಂದು ಅವರು ಸ್ಪಷ್ಟವಾಗಿ ಹೇಳಿದರು.

ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ಮನೆಯವರ ಮನಸ್ಸಿಗೆ ಇಳಿಯಲಿಲ್ಲ. ಆ ಸಂಜೆಯಿಂದ ನನಗೆ ಬೇರೆ ತಟ್ಟೆ, ಬೇರೆ ಲೋಟ. ಮಗಳಿಗೆ ಆಗ ನಾಲ್ಕು ವರ್ಷ. ಅವಳನ್ನು ಅತ್ತೆ-ಮಾವನ ಕೋಣೆಯಲ್ಲಿ ಮಲಗಿಸಿದರು. ಅತ್ತೆ ಕೆಟ್ಟವರಲ್ಲ. ಅವರ ಚಿಕ್ಕಂದಿನಲ್ಲಿ ಅವರ ಸೋದರತ್ತೆಯೊಬ್ಬರು ಇದೇ ಕಾಯಿಲೆಯಿಂದ ಹಿತ್ತಲ ಕೋಣೆಯಲ್ಲಿ ಪ್ರಾಣ ಬಿಟ್ಟಿದ್ದನ್ನು ಕಂಡವರು. ಕಾಯಿಲೆಯ ಹೆಸರನ್ನೂ ಬಾಯಲ್ಲಿ ಹೇಳುತ್ತಿರಲಿಲ್ಲ, "ಆ ಕಾಯಿಲೆ" ಎನ್ನುತ್ತಿದ್ದರು. "ಯಾರಿಗೂ ಹೇಳಬೇಡಮ್ಮ, ನಿನ್ನ ನಾದಿನಿಗೆ ಗಂಡು ನೋಡ್ತಾ ಇದ್ದೀವಿ" ಎಂದು ಕೈ ಹಿಡಿದು ಕೇಳಿಕೊಂಡರು. ನಾನು ಒಪ್ಪಿದೆ.

ಕ್ಷಯ ಹೇಗೆ ಬರುತ್ತದೆ?

ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತನಾಡಿದಾಗ ಕಣ್ಣಿಗೆ ಕಾಣದ ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತಿರುತ್ತವೆ. ಆ ಗಾಳಿಯನ್ನು ಉಸಿರಾಡಿದವರ ಶ್ವಾಸಕೋಶಕ್ಕೆ ರೋಗಾಣು ಸೇರಬಹುದು. ತಟ್ಟೆ-ಲೋಟ, ಬಟ್ಟೆ, ಹಾಸಿಗೆ, ಶೌಚಾಲಯ, ಕೈಕುಲುಕುವುದು, ಒಟ್ಟಿಗೆ ಕೂತು ಊಟ ಮಾಡುವುದು, ಇವುಗಳಿಂದ ಕ್ಷಯ ಹರಡುವುದಿಲ್ಲ. ಗ್ರಂಥಿ, ಮೂಳೆ, ಹೊಟ್ಟೆ, ಗರ್ಭಕೋಶ, ಮಿದುಳು, ಹೀಗೆ ಬೇರೆ ಅಂಗಗಳಲ್ಲಿ ಮಾತ್ರ ಕ್ಷಯ ಇದ್ದವರು ಕೆಮ್ಮಿದರೂ ಸಾಮಾನ್ಯವಾಗಿ ಹರಡುವುದಿಲ್ಲ. ಯಾಕೆಂದರೆ ಅವರ ರೋಗಾಣುವಿಗೆ ಹೊರಗೆ ಬರುವ ದಾರಿ ಇಲ್ಲ.

ರೋಗಾಣು ಒಳಗೆ ಸೇರಿತೆಂದ ಮಾತ್ರಕ್ಕೆ ಕಾಯಿಲೆ ಬಂದಂತಲ್ಲ. ಜಗತ್ತಿನ ಸುಮಾರು ಕಾಲು ಭಾಗ ಜನರ ಮೈಯಲ್ಲಿ ಅದು ಸೇರಿಕೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರಲ್ಲಿ ನಮ್ಮ ರೋಗನಿರೋಧಕ ಶಕ್ತಿ ಅದನ್ನು ಕಟ್ಟಿಹಾಕಿ ಕೂರಿಸಿರುತ್ತದೆ. ಅಂಥವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕಾಯಿಲೆಯಾಗುತ್ತದೆ. ಸಕ್ಕರೆ ಕಾಯಿಲೆ, ಎಚ್.ಐ.ವಿ., ಬೀಡಿ-ಸಿಗರೇಟು, ಕುಡಿತ, ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟೆಗೆ ಸಾಲದ ಊಟ, ಇವು ಆ ಕಟ್ಟನ್ನು ಸಡಿಲಿಸುತ್ತವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಸಾಧ್ಯತೆ ಎರಡು-ಮೂರು ಪಟ್ಟು.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ವರ್ಷಕ್ಕೆ ಸುಮಾರು 3 ಲಕ್ಷ ಜನ ಸಾಯುತ್ತಿದ್ದಾರೆ. ವಾಸಿಯಾಗುವ, ಔಷಧ ಪುಕ್ಕಟೆ ಸಿಗುವ ಕಾಯಿಲೆಯಿಂದ ಇಷ್ಟು ಜನ ಸಾಯುತ್ತಿದ್ದಾರೆ.

ನಾವು ಯಾರ ಮೇಲೆ ತಪ್ಪು ಹೊರಿಸಿದೆವು

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ. ಕಾಯಿಲೆ ಎಲ್ಲಿಂದ ಬಂತು ಎಂದು ಮನೆಯಲ್ಲಿ ಚರ್ಚೆಯಾಯಿತು. ಐದೇ ನಿಮಿಷದಲ್ಲಿ ತೀರ್ಮಾನವೂ ಆಯಿತು. ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಗುಡ್ಡದ ಇಳಿಜಾರಿನ ಒತ್ತೊತ್ತಾದ ಮನೆಗಳಲ್ಲೊಂದರಲ್ಲಿ ಇದ್ದವಳು. ಮಳೆಗಾಲದಲ್ಲಿ ಒಂದು ವಾರ ಕೆಮ್ಮಿದ್ದಳು. ಅಷ್ಟೇ ಸಾಕಾಯಿತು. "ಅವಳಿಂದಲೇ ಬಂದಿರಬೇಕು" ಎಂದರು. ನಾನೂ ಹೂಂ ಎಂದೆ. "ನಾವು ಊರಿಗೆ ಹೋಗ್ತಿದ್ದೀವಿ, ಬಂದ ಮೇಲೆ ಹೇಳ್ತೀವಿ" ಎಂದು ಒಂದು ತಿಂಗಳ ಸಂಬಳ ಕೊಟ್ಟು ಅವಳನ್ನು ಬಿಡಿಸಿದೆವು. ನಾಲ್ಕು ವರ್ಷ ನನ್ನ ಮಗಳನ್ನು ಎತ್ತಿ ಆಡಿಸಿದವಳು. ಬಾಗಿಲಲ್ಲಿ ನಿಂತು "ನನ್ನಿಂದ ಏನಾದರೂ ತಪ್ಪಾಯಿತಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ನಾನು ಲ್ಯಾಪ್‌ಟಾಪ್ ನೋಡುತ್ತ "ಇಲ್ಲಮ್ಮ" ಎಂದೆ.

ಹತ್ತು ದಿನದ ನಂತರ ಆರೋಗ್ಯ ಕಾರ್ಯಕರ್ತೆಯೊಬ್ಬರು ಮನೆಗೆ ಬಂದರು. ಕ್ಷಯ ಪತ್ತೆಯಾದರೆ ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ 2012ರಿಂದ ಇದೆ. ಹಾಗೆ ನನ್ನ ಹೆಸರು ನಿಕ್ಷಯ್ ಪೋರ್ಟಲ್‌ಗೆ ಸೇರಿತ್ತು. ಬಂದವರು ಮೊದಲು ಕೇಳಿದ್ದು, "ಮನೆಯಲ್ಲಿ ಬೇರೆ ಯಾರಿಗಾದರೂ ಕೆಮ್ಮು ಇದೆಯಾ?"

"ಇಲ್ಲ" ಎಂದರು ಅತ್ತೆ. ಅವರ ಮಾತು ಮುಗಿಯುವಷ್ಟರಲ್ಲಿ ಒಳಗಿನ ಕೋಣೆಯಿಂದ ಮಾವನವರ ಕೆಮ್ಮು ಕೇಳಿಸಿತು.

ಮಾವನವರು ಆರು ತಿಂಗಳಿಂದ ಕೆಮ್ಮುತ್ತಿದ್ದರು. ನಮ್ಮ ಕಿವಿಗೆ ಅದು ಗೋಡೆ ಗಡಿಯಾರದ ಸದ್ದಿನ ಹಾಗೆ ಒಗ್ಗಿಹೋಗಿತ್ತು. ದಾವಣಗೆರೆಯ ಒಣ ಹವೆಯಿಂದ ಬಂದವರಿಗೆ ಸಮುದ್ರದ ಗಾಳಿ ಒಗ್ಗಿಲ್ಲ ಎಂದು ನಾವು, ಹಳೆಯ ಸಿಗರೇಟಿನ ಕೆಮ್ಮು ಎಂದು ಅವರು. ಕೋವಿಡ್ ಟೆಸ್ಟ್ ಮಾಡಿಸಿದ್ದೆವು, ನೆಗೆಟಿವ್ ಬಂದಿತ್ತು, ಅಲ್ಲಿಗೆ ನಿಶ್ಚಿಂತರಾಗಿದ್ದೆವು. ಮೂರು ಬಾಟಲಿ ಕೆಮ್ಮಿನ ಸಿರಪ್ ಖಾಲಿಯಾಗಿತ್ತು. ಆ ಹೆಣ್ಣುಮಗಳು ಎರಡು ಸಣ್ಣ ಡಬ್ಬಿ ಕೊಟ್ಟು ಹೋದರು. ಕಫದ ವರದಿ ಬಂತು: ಪಾಸಿಟಿವ್. ಅವರ ಸಕ್ಕರೆ ಪರೀಕ್ಷಿಸಿದರೆ 290.

ಯಾರಿಗೂ ಹರಡಲಾರದ ನನಗೆ ಬೇರೆ ತಟ್ಟೆ. ಹರಡುವ ಕಾಯಿಲೆ ಇದ್ದವರ ಪಕ್ಕದಲ್ಲಿ ನನ್ನ ಮಗು ಮಲಗುತ್ತಿತ್ತು. ಏನೂ ಇಲ್ಲದವಳ ಕೆಲಸ ಹೋಗಿತ್ತು. ವಿಜ್ಞಾನ ಓದಿದ ಮನೆಯಲ್ಲಿ ನಡೆದದ್ದು ಇದು.

ಪತ್ತೆ ಹಚ್ಚುವುದು ಹೇಗೆ?

ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಹಸಿವಾಗದಿರುವುದು, ಕಫದಲ್ಲಿ ರಕ್ತ, ಕುತ್ತಿಗೆಯ ಗಂಟು, ಇವುಗಳಲ್ಲಿ ಯಾವುದಾದರೂ ಇದ್ದರೆ ಪರೀಕ್ಷೆ ಮಾಡಿಸಬೇಕು. ಮಕ್ಕಳಲ್ಲಿ ತೂಕ ಏರದಿರುವುದು, ಆಟದಲ್ಲಿ ಆಸಕ್ತಿ ಕುಗ್ಗುವುದು ಕೂಡ ಸೂಚನೆ. ನಮ್ಮ ಹೆಂಗಸರಲ್ಲಿ ಗರ್ಭಕೋಶದ, ಗರ್ಭನಾಳದ ಕ್ಷಯ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಮಕ್ಕಳಾಗಲಿಲ್ಲವೆಂದು ಪರೀಕ್ಷಿಸಿದಾಗ ಗೊತ್ತಾಗುತ್ತದೆ.

ಹಳೆಯ ವಿಧಾನವೆಂದರೆ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅಗ್ಗ, ಬೇಗ, ಆದರೆ ಒಂದು ಮಿಲಿಲೀಟರಿನಲ್ಲಿ ಸಾವಿರಾರು ರೋಗಾಣು ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಈಗ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಯಂತ್ರಗಳಿವೆ. ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರದಲ್ಲಿ ಸುಮಾರು ಎರಡು ಗಂಟೆಯಲ್ಲಿ ಕ್ಷಯ ಇದೆಯೋ ಇಲ್ಲವೋ, ಮುಖ್ಯ ಔಷಧವಾದ ರಿಫಾಂಪಿಸಿನ್ ಅದಕ್ಕೆ ನಾಟುತ್ತದೋ ಇಲ್ಲವೋ ಎಂದು ಗೊತ್ತಾಗುತ್ತದೆ. ಟ್ರೂನ್ಯಾಟ್ ಎಂಬ ಇನ್ನೊಂದು ಯಂತ್ರ ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್‌ಬಯೋ ಸಂಸ್ಥೆಗಳು ರೂಪಿಸಿದ್ದು. ಅದು ಬ್ಯಾಟರಿಯಲ್ಲಿ ನಡೆಯುತ್ತದೆ, ಸಣ್ಣ ಆರೋಗ್ಯ ಕೇಂದ್ರದಲ್ಲೂ ಇಡಬಹುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮನ್ನಣೆ ಕೊಟ್ಟಿತು.

ಒಂದು ಎಚ್ಚರಿಕೆ. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಇದೆ ಎಂದು ಹೇಳುವ ಪರೀಕ್ಷೆಗಳನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಅವು ಇಲ್ಲದವರಿಗೆ ಇದೆ ಎಂದೂ, ಇದ್ದವರಿಗೆ ಇಲ್ಲ ಎಂದೂ ಹೇಳುತ್ತವೆ. ತೋಳಿಗೆ ಚುಚ್ಚುವ ಮಾಂಟೂ ಪರೀಕ್ಷೆ ರೋಗಾಣು ಮೈಗೆ ಸೇರಿರುವ ಸೂಚನೆ ಕೊಡುತ್ತದೆಯೇ ಹೊರತು ಕಾಯಿಲೆ ಇದೆ ಎಂದು ಸಾಬೀತು ಮಾಡುವುದಿಲ್ಲ.

ಪರೀಕ್ಷೆಗೆ ಬೇಕಾದದ್ದು ಎಂಜಲಲ್ಲ, ಆಳದಿಂದ ಕೆಮ್ಮಿ ತೆಗೆದ ಕಫ. ಬೆಳಗ್ಗೆ ಎದ್ದಾಗಿನದ್ದು ಒಳ್ಳೆಯದು. ಮನೆಯ ಹೊರಗೆ, ಗಾಳಿಯಾಡುವ ಕಡೆ ನಿಂತು ತೆಗೆಯಬೇಕು.

ಇಲ್ಲಿ ಭಾಷೆಯ ಅಂಜಿಕೆ ಇರುವ ಹಿರಿಯರಿಗಾಗಿ ಒಂದು ತೆಲುಗು ವಾಕ್ಯ ಹೇಳಿಕೊಡುತ್ತೇನೆ. "ನಾಕು ರೆಂಡು ವಾರಾಲ ನುಂಚಿ ದಗ್ಗು ಉಂದಿ, ಕಳ್ಳೆ ಪರೀಕ್ಷ ಚೇಯಂಡಿ." ದಗ್ಗು ಎಂದರೆ ಕೆಮ್ಮು, ಕಳ್ಳೆ ಎಂದರೆ ಕಫ. ಕ್ಷಯಕ್ಕೆ ಅವರೂ ಕ್ಷಯ ಎಂದೇ ಹೇಳುತ್ತಾರೆ. ವಿಶಾಖಪಟ್ಟಣದಲ್ಲಿ ಪೆದ್ದ ವಾಲ್ತೇರಿನ ಸರ್ಕಾರಿ ಎದೆರೋಗ ಮತ್ತು ಸಾಂಕ್ರಾಮಿಕ ರೋಗಗಳ ಆಸ್ಪತ್ರೆ, ವಿಜಯವಾಡದಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ ಇವೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ಕೇಳಿ. ಉಚಿತ ಸಹಾಯವಾಣಿ 1800-11-6666.

ಆರು ತಿಂಗಳು ಯಾಕೆ?

ನಾವು ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆ ಮೊಸರಾಗಿರುತ್ತದೆ. ಅದೂ ಬ್ಯಾಕ್ಟೀರಿಯಾದ ಕೆಲಸವೇ. ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಒಂದು ಎರಡಾಗುತ್ತವೆ. ಕ್ಷಯದ ರೋಗಾಣು ಎರಡಾಗಲು ಸುಮಾರು 20 ಗಂಟೆ ಬೇಕು. ಲ್ಯಾಬಿನಲ್ಲಿ ಅದನ್ನು ಬೆಳೆಸಿ ನೋಡಲು ವಾರಗಟ್ಟಲೆ ಕಾಯಬೇಕಾಗುವುದು ಇದರಿಂದಲೇ. ಔಷಧ ಸಾಮಾನ್ಯವಾಗಿ ಬೆಳೆಯುತ್ತಿರುವ ರೋಗಾಣುವನ್ನು ಬೇಗ ಕೊಲ್ಲುತ್ತದೆ. ಮಲಗಿರುವುದನ್ನು ಕೊಲ್ಲಲು ಅದು ಏಳುವವರೆಗೂ ಕಾಯಬೇಕು. ಮೊದಲ ಎರಡು ತಿಂಗಳು ನಾಲ್ಕು ಔಷಧ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್. ಮುಂದಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲವೂ ಒಂದೇ ಮಾತ್ರೆಯಲ್ಲಿ ಬೆರೆತಿರುತ್ತವೆ, ತೂಕಕ್ಕೆ ತಕ್ಕಂತೆ ದಿನಕ್ಕೆ ಇಷ್ಟು ಎಂದು ಕೊಡುತ್ತಾರೆ. 47 ಕೆ.ಜಿ.ಯ ನನಗೆ ದಿನಕ್ಕೆ ಮೂರು.

ಅಪಾಯ ಎಲ್ಲಿದೆ ಎಂದರೆ, ಒಂದು ತಿಂಗಳಿಗೇ ಜ್ವರ ಹೋಗುತ್ತದೆ, ಹಸಿವು ಬರುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ನಮ್ಮ ಸಾಫ್ಟ್‌ವೇರಿನಲ್ಲಿ ಎರರ್ ಮೆಸೇಜ್ ಕಾಣಿಸದಂತೆ ಮಾಡಿ ದೋಷ ಸರಿಯಾಯಿತು ಎಂದು ಬೀಗುವವರಿದ್ದಾರೆ; ಮಾತ್ರೆಯನ್ನು ಮಧ್ಯದಲ್ಲಿ ಬಿಡುವುದು ಹಾಗೆಯೇ. ಉಳಿದ ರೋಗಾಣುಗಳಲ್ಲಿ ಔಷಧಕ್ಕೆ ಬಗ್ಗದವು ಬೆಳೆದುಕೊಳ್ಳುತ್ತವೆ. ಆಮೇಲೆ ಬರುವ ಕ್ಷಯಕ್ಕೆ ಮಾಮೂಲಿ ಮಾತ್ರೆ ನಾಟುವುದಿಲ್ಲ. ಅಂಥ ಕ್ಷಯಕ್ಕೂ ಈಗ ಬೆಡಾಕ್ವಿಲಿನ್ ಸೇರಿದ ಆರು ತಿಂಗಳ ಹೊಸ ಚಿಕಿತ್ಸೆಗೆ ನಮ್ಮ ದೇಶದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಮೊದಲು ಒಂದೂವರೆ-ಎರಡು ವರ್ಷ, ತಿಂಗಳುಗಟ್ಟಲೆ ಸೂಜಿಮದ್ದು ಬೇಕಾಗುತ್ತಿತ್ತು.

ಮಾತ್ರೆ ನುಂಗುವ ದಿನಗಳ ಬಗ್ಗೆ ಹೆಂಗಸರಿಗೆ ಕೆಲವು ಮಾತು. ರಿಫಾಂಪಿಸಿನ್‌ನಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣವಾಗುತ್ತವೆ, ಹೆದರಬೇಡಿ. ಆದರೆ ಅದೇ ಔಷಧ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ, ಬೇರೆ ವಿಧಾನದ ಬಗ್ಗೆ ವೈದ್ಯರನ್ನು ಕೇಳಲೇಬೇಕು. ನನಗೆ ಇದನ್ನು ಯಾರೂ ತಾವಾಗಿ ಹೇಳಲಿಲ್ಲ, ಕೇಳಲು ನನಗೂ ಸಂಕೋಚ. ಗರ್ಭಿಣಿಯರಿಗೆ ಈ ನಾಲ್ಕು ಔಷಧದ ಚಿಕಿತ್ಸೆ ಕೊಡುತ್ತಾರೆ. ಚಿಕಿತ್ಸೆ ಪಡೆಯದಿರುವುದೇ ತಾಯಿಗೂ ಮಗುವಿಗೂ ಹೆಚ್ಚು ಅಪಾಯ. ಎದೆಹಾಲನ್ನೂ ನಿಲ್ಲಿಸಬೇಕಿಲ್ಲ. ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ಕಾಲು ಜೋಮು ಹಿಡಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಿ ಸುಮ್ಮನಾಗಬೇಡಿ. ಎರಡನೇ ತಿಂಗಳಲ್ಲಿ ನನ್ನ ಗಂಟು ಮತ್ತೆ ಊದಿತು. ಔಷಧ ಕೆಲಸ ಮಾಡುತ್ತಿಲ್ಲವೆಂದು ಇಡೀ ರಾತ್ರಿ ಅತ್ತೆ. ಗ್ರಂಥಿ ಕ್ಷಯದಲ್ಲಿ ಹೀಗೆ ಆಗುವುದುಂಟು, ಮಾತ್ರೆ ಮುಂದುವರಿಸಿ ಎಂದರು ವೈದ್ಯರು. ಹಾಗೆಯೇ ಆಯಿತು, ಇಳಿಯಿತು.

ಮಾವನವರೂ ನಾನೂ ಬೆಳಗ್ಗೆ ಒಟ್ಟಿಗೆ ಮಾತ್ರೆ ನುಂಗುತ್ತಿದ್ದೆವು. ಮಾತು ಕಡಿಮೆಯ ಮನುಷ್ಯ ಅವರು. ಒಂದು ದಿನ ಲೋಟ ಕೆಳಗಿಟ್ಟು, "ನನ್ನಿಂದ ನಿನಗೆ ಬಂತು ಕಣಮ್ಮ" ಎಂದರು. ರೋಗಾಣು ಯಾವಾಗ, ಯಾರಿಂದ ನನ್ನೊಳಗೆ ಬಂತೆಂದು ಯಾವ ಯಂತ್ರವೂ ಆ ದಿನ ಹೇಳಿರಲಿಲ್ಲ. ಅದನ್ನೇ ಅವರಿಗೆ ಹೇಳಿದೆ. ಹೇಳುವಾಗ, ಇದೇ ಮಾತನ್ನು ಇನ್ನೊಬ್ಬಳ ವಿಷಯದಲ್ಲಿ ನಾನು ಆಡಲಿಲ್ಲವಲ್ಲ ಅನ್ನಿಸಿತು.

ಸರಿಯಾದ ಔಷಧ ಶುರುವಾದ ಕೆಲವು ವಾರಗಳಲ್ಲಿ ಹರಡುವ ಅಪಾಯ ಬಹಳ ಇಳಿಯುತ್ತದೆ. ಅಲ್ಲಿಯವರೆಗೆ ಮಾವ ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದ ಕೋಣೆಯಲ್ಲಿ ಮಲಗಿದರು. ಮಗಳನ್ನು ಪರೀಕ್ಷಿಸಿ, ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು, ಮುಂದೆ ಬರದಂತೆ ಆರು ತಿಂಗಳು ಐಸೋನಿಯಾಜಿಡ್ ಕೊಟ್ಟರು. ಮನೆಯಲ್ಲಿ ಕಫದ ಕ್ಷಯ ಇದ್ದರೆ ಐದು ವರ್ಷದೊಳಗಿನ ಮಕ್ಕಳಿಗೆ ಇದು ಬಹಳ ಮುಖ್ಯ. ಹುಟ್ಟಿದಾಗ ಹಾಕಿಸುವ ಬಿ.ಸಿ.ಜಿ. ಲಸಿಕೆ ಮಕ್ಕಳನ್ನು ಮಿದುಳಿನ ಕ್ಷಯದಂಥ ತೀವ್ರ ರೂಪಗಳಿಂದ ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ನಮ್ಮ ನೆಲದ ಪಾಠಗಳು

ಹಿಂದೆ ಕ್ಷಯಕ್ಕೆ ಔಷಧ ಇರಲಿಲ್ಲ. ಒಳ್ಳೆಯ ಗಾಳಿ, ಊಟ, ವಿಶ್ರಾಂತಿ, ಇಷ್ಟೇ. ಅರಮನೆಯನ್ನೂ ಅದು ಬಿಡಲಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಅವರದೇ ಹೆಸರು. ಆಂಧ್ರದಲ್ಲಿ ಮದನಪಲ್ಲಿಯ ಹತ್ತಿರ ಆರೋಗ್ಯವರಂ ಎಂಬ ಆರೋಗ್ಯಧಾಮ 1915ರಲ್ಲಿ ತೆರೆಯಿತು. ಔಷಧ ಬಂದ ಮೇಲೂ ರೋಗಿಯನ್ನು ಮನೆಯಿಂದ ದೂರ ಇಡಲೇಬೇಕೇ ಎಂಬ ಪ್ರಶ್ನೆ ಇತ್ತು. 1950ರ ದಶಕದ ಕೊನೆಗೆ ಮದರಾಸಿನಲ್ಲಿ ನಡೆದ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. ಬಡವರ ಇಕ್ಕಟ್ಟಾದ ಮನೆಗಳಲ್ಲೇ ಇದ್ದು ಮಾತ್ರೆ ತೆಗೆದುಕೊಂಡವರೂ ಆರೋಗ್ಯಧಾಮದಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ಹೆಚ್ಚಾಗಿ ಹರಡಲೂ ಇಲ್ಲ. ಇವತ್ತು ಜಗತ್ತಿನೆಲ್ಲೆಡೆ ಕ್ಷಯರೋಗಿ ಮನೆಯಲ್ಲೇ ಇದ್ದು ಗುಣವಾಗುವುದಕ್ಕೆ ಅದು ದಾರಿ ಮಾಡಿತು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಸ್ಥಾಪನೆಯಾದದ್ದು. ಜಿಲ್ಲಾ ಕ್ಷಯರೋಗ ಕಾರ್ಯಕ್ರಮದ ಮೊದಲ ಪ್ರಯೋಗವನ್ನು ಆ ಸಂಸ್ಥೆ 1961ರಲ್ಲಿ ಮಾಡಿದ್ದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ. ಕನ್ನಡವೂ ತೆಲುಗೂ ಬೆರೆತ ಆ ಸೀಮೆಯಿಂದ ಕಾರ್ಯಕ್ರಮ ದೇಶಕ್ಕೆ ಹರಡಿತು. ಅದೇ ಸಂಸ್ಥೆಯ ಬ್ಯಾನರ್ಜಿ ಮತ್ತು ಆ್ಯಂಡರ್ಸನ್ ಎಂಬ ಸಂಶೋಧಕರು ನನ್ನ ತವರಾದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಓಡಾಡಿ 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹಳ್ಳಿಯ ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಇವರು ಕಂಡದ್ದು ಬೇರೆ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು. ಇದನ್ನು ಓದಿದಾಗ ನಮ್ಮ ಅಲಮಾರಿನಲ್ಲಿದ್ದ ಮೂರು ಸಿರಪ್ ಬಾಟಲಿ ಕಣ್ಣ ಮುಂದೆ ಬಂದವು.

ಊಟದ ಪಾಠ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಗಾರರಿಂದ ಬಂತು. ಅವರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ಅಕ್ಕಿ-ಬೇಳೆ, ವಿಟಮಿನ್ ಮಾತ್ರೆ ಕೊಟ್ಟಾಗ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು 40 ಶೇಕಡಾ ತಗ್ಗಿತು. ಎಲ್ಲರಿಗೂ ಬಡಿಸಿ ಕೊನೆಗೆ ತಳ ಕೆರೆದು ಉಣ್ಣುವ ಹೆಂಗಸರು ಇದನ್ನು ನೆನಪಿಡಬೇಕು. ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು; 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರಿಗೂ ಇದು ಸಿಗುತ್ತದೆ.

ಕೊನೆಯ ಮಾತು

ನನ್ನ ಮಾತ್ರೆ ಮುಗಿಯುವ ಮುಂಚೆ ಒಂದು ಭಾನುವಾರ ಗುಡ್ಡ ಹತ್ತಿ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದೆ. ಎಲ್ಲವನ್ನೂ ಹೇಳಿದೆ. ನಾಲ್ಕು ವರ್ಷ ನಮ್ಮ ಮನೆಯಲ್ಲಿ ಉಸಿರಾಡಿದವಳು, ಪರೀಕ್ಷೆ ಆಗಲೇಬೇಕಾಗಿದ್ದವಳು. ಅವಳಿಗೆ ಸುಳ್ಳು ಹೇಳಿ ಕಳಿಸಿ ಆ ಅವಕಾಶವನ್ನೂ ತಪ್ಪಿಸಿದ್ದೆವು. ಮರುದಿನ ಎಕ್ಸ್‌ರೇ, ಕಫ ಪರೀಕ್ಷೆ ಮಾಡಿಸಿದೆವು. ಏನೂ ಇರಲಿಲ್ಲ. ಹೊರಗೆ ಬಂದಾಗ ಅವಳು ತೆಲುಗಿನಲ್ಲಿ ಹೇಳಿದ್ದು ಒಂದೇ ಮಾತು: "ಅವತ್ತೇ ಕೇಳಿದ್ದರೆ ಅವತ್ತೇ ಬರ್ತಿದ್ದೆನಲ್ಲಮ್ಮಾ." ಮತ್ತೆ ಕೆಲಸಕ್ಕೆ ಬಾ ಎಂದೆ. ಬೇರೆ ಮನೆ ಒಪ್ಪಿಕೊಂಡಿದ್ದೇನೆ ಎಂದಳು. ಮರಳಿ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗೂ ಇರಲಿಲ್ಲ.

ಇವತ್ತು ಇಲ್ಲಿ ಮಾತನಾಡುತ್ತೇನೆ ಎಂದಾಗ ಅತ್ತೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು. ನಮ್ಮ ಸೋದರತ್ತೆ ಕಾಲದಲ್ಲಿ ಯಾರೂ ಹೇಳಲಿಲ್ಲ" ಎಂದರು. ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮಾವನವರು ಮನೆಯಲ್ಲಿ ಮೊಮ್ಮಗಳ ಹೋಮ್‌ವರ್ಕ್ ಮಾಡಿಸುತ್ತಿದ್ದಾರೆ, ಸಿಗರೇಟು ಬಿಟ್ಟಿದ್ದಾರೆ, ಸಕ್ಕರೆ ಹತೋಟಿಯಲ್ಲಿದೆ. ನಾದಿನಿಗೆ ಮದುವೆಯಾಯಿತು. ಗಂಡಿನ ಮನೆಯವರಿಗೆ ವಿಷಯ ಹೇಳಿಯೇ ಮಾಡಿದೆವು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇವತ್ತು ಮನೆಗೆ ಹೋಗಿ ಐದು ನಿಮಿಷ ಸುಮ್ಮನೆ ಕೂತು ಕೇಳಿ, ಯಾರಾದರೂ ಕೆಮ್ಮುತ್ತಿದ್ದಾರಾ? ಎಷ್ಟು ದಿನದಿಂದ? ನಿಮ್ಮ ಮನೆಗೆಲಸದವರನ್ನೂ, ವಾಚ್‌ಮನ್‌ನನ್ನೂ ಕೇಳಿ. ಕೆಲಸದಿಂದ ತೆಗೆಯುವುದಕ್ಕಲ್ಲ, ಪರೀಕ್ಷೆಗೆ ಕರೆದುಕೊಂಡು ಹೋಗುವುದಕ್ಕೆ. ಆಸ್ಪತ್ರೆಗೆ ಒಬ್ಬರೇ ಹೋಗಲು ಅಳುಕಾದರೆ ನನಗೆ ಫೋನ್ ಮಾಡಿ, ವಿಶಾಖಪಟ್ಟಣದಲ್ಲಿ ನಾನೇ ಜೊತೆಗೆ ಬರುತ್ತೇನೆ. ವಿಜಯವಾಡದಲ್ಲೂ ಯಾರಾದರೂ ಇಬ್ಬರು ಈ ಕೆಲಸಕ್ಕೆ ಮುಂದೆ ಬಂದರೆ ಸಂತೋಷ.

ಮತ್ತೆ ಈ ಸಲದ ರಾಜ್ಯೋತ್ಸವದ ಕೋಲಾಟಕ್ಕೆ ನನ್ನ ಹೆಸರು ಬರೆದುಕೊಳ್ಳಿ. ಈ ಸಲ ತಪ್ಪಿಸುವುದಿಲ್ಲ.